ಬೆಲ್ಲದ ಪೆಂಟಿಗೆ ತೂಗಿದ ನಮ್ಮವ್ವ

ನನ್ನ ಮೊಮ್ಮಗಳು ದಿನಾ ಬೆಳಿಗ್ಗೆ ಒಂದು ಗಾಜಿನ ಹಲಗೆಯ ಮೇಲೆ ನಿಂತು, ನೂರು ಗ್ರಾಂ ಇಳಿದರೆ ಹಬ್ಬ ಮಾಡುತ್ತಾಳೆ. ಈ ಫೋನಿನಲ್ಲಿ ಬರೆಯಲು ಕಲಿಸಿದವಳೂ ಅವಳೇ, ಅದಕ್ಕೆ ಹೆಚ್ಚು ಬೈಯುವುದಿಲ್ಲ. ಒಂದೇ ಬೆರಳಿನಿಂದ ಕುಟ್ಟುತ್ತೇನೆ, ಕೋಳಿ ಕಾಳು ಕುಕ್ಕಿದ ಹಾಗೆ. ತೂಕ ಇಳಿಯುವುದೆಂದರೆ ನನಗೆ ನೆನಪಾಗುವವಳು ನಮ್ಮವ್ವ. ಅವಳ ಹಿಂದೆಯೇ ನೆನಪಾಗುವವರು, ಅವಳು ಯಾಕೆ ಇಳಿಯುತ್ತಿದ್ದಾಳೆಂದು ಎಲ್ಲ ಗೊತ್ತಿದ್ದವರಂತೆ ಹೇಳಿದ ಊರಿನ ಗಂಡಸರು. ಅವರಲ್ಲಿ ಈಗ ಒಬ್ಬರೂ ಉಳಿದಿಲ್ಲ. ಇದ್ದಿದ್ದರೂ ಬರೆಯುತ್ತಿದ್ದೆ.

ನಿಜಾಮನ ಆಳ್ವಿಕೆ ಹೋಗಿ ಕೆಲವು ವರ್ಷಗಳಾಗಿದ್ದವು. ನಮ್ಮದು ದೋರನಹಳ್ಳಿ ಕಡೆಯ ಸಣ್ಣ ಊರು, ಕುರಿ ಸಾಕುವ ಮನೆ. ಅಪ್ಪ ವರ್ಷದ ಅರ್ಧ ಕುರಿಯ ಹಿಂದೆ ಅಡವಿಯಲ್ಲಿರುತ್ತಿದ್ದ. ಮನೆಯಲ್ಲಿ ಆಳುತ್ತಿದ್ದವನು ದೊಡ್ಡಪ್ಪ, ಅಂದರೆ ಅಪ್ಪನ ಅಣ್ಣ. ಅವನಿಗೆ ಗೊತ್ತಿಲ್ಲದ ಸಂಗತಿ ಎಂಬುದೇ ಇರಲಿಲ್ಲ. ಗೊತ್ತಿಲ್ಲ ಎಂಬ ಮಾತು ಅವನ ಬಾಯಲ್ಲಿ ನಾನು ಒಮ್ಮೆಯೂ ಕೇಳಲಿಲ್ಲ.

ಅವ್ವನ ಬೆನ್ನಿಗೆ ರೋಗ ಬಂದದ್ದು ನಾನು ಇನ್ನೂ ಓಡಾಡಲು ಕಲಿಯುವಾಗ. ಮೊದಲು ನಸುಕಿನಲ್ಲಿ ಹಾಸಿಗೆ ಬಿಟ್ಟು ಏಳಲು ಆಗುತ್ತಿರಲಿಲ್ಲವಂತೆ. ಆಮೇಲೆ ಬೆನ್ನು ಕೋಲಿನ ಹಾಗೆ ಬಿಗಿದುಕೊಂಡು ಮುಂದಕ್ಕೆ ಬಾಗಿತು. ಶಹಾಪುರದ ಹಕೀಮನ ಎಣ್ಣೆ, ಸುರಪುರದ ಕಡೆಯ ನಾಟಿ ವೈದ್ಯನ ಲೇಪ ಎಲ್ಲ ಮುಗಿದ ಮೇಲೆ ದೊಡ್ಡಪ್ಪ ಮನೆದೇವರಿಗೆ ಹರಕೆ ಹೊತ್ತ: ಬೆನ್ನು ನೆಟ್ಟಗಾಗುವವರೆಗೆ ವರ್ಷಕ್ಕೊಮ್ಮೆ ಅವಳ ತೂಕದ ಬೆಲ್ಲ. ಗುಡಿಯ ಮುಂದಿನ ಬೇವಿನ ಕೊಂಬೆಗೆ ದೊಡ್ಡ ತಕ್ಕಡಿ ಕಟ್ಟುತ್ತಿದ್ದರು. ಒಂದು ತಟ್ಟೆಯಲ್ಲಿ ಅವ್ವ, ಇನ್ನೊಂದರಲ್ಲಿ ಬೆಲ್ಲದ ಪೆಂಟಿಗಳು, ಒಂದೇ ಅಳತೆಯ ದೊಡ್ಡ ಅಚ್ಚುಗಳು. ತೂಗಿದ ಮೇಲೆ ಬೆಲ್ಲ ಒಡೆದು ಊರಿಗೆ ಹಂಚುವುದು. ಆ ದಿನಕ್ಕಾಗಿ ನಾನು ವರ್ಷವಿಡೀ ಕಾಯುತ್ತಿದ್ದೆ. ಅವ್ವನ ಬೆನ್ನು ಬೇಗ ನೆಟ್ಟಗಾಗಿಬಿಟ್ಟರೆ ಬೆಲ್ಲ ತಪ್ಪುತ್ತದಲ್ಲ ಎಂಬ ಚಿಂತೆಯೂ ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಮೊದಲ ವರ್ಷ ಹನ್ನೆರಡು ಪೆಂಟಿ ಹಿಡಿಯಿತು. ಎರಡನೆಯ ವರ್ಷ ಹನ್ನೊಂದಕ್ಕೇ ತಟ್ಟೆ ಸಮವಾಯಿತು. ಮೂರನೆಯ ವರ್ಷ, ನನಗೆ ಹನ್ನೊಂದು ನಡೆಯುವಾಗ, ಒಂಬತ್ತನೆಯ ಪೆಂಟಿ ಇಡುತ್ತಲೇ ಅವ್ವ ಕುಳಿತ ತಟ್ಟೆ ಮೇಲೆದ್ದಿತು.

ಜನ ಮುಖ ಮುಖ ನೋಡಿಕೊಂಡರು. ದೊಡ್ಡಪ್ಪನಿಗೆ ಒಂದು ಗಳಿಗೆಯೂ ಬೇಕಾಗಲಿಲ್ಲ. ಮೊದಲು ಆಚೆಯ ಮುಂಬೈ ಇಲಾಖೆಯಿಂದ ಬೆಲ್ಲ ಬರಬೇಕೆಂದರೆ ಗಡಿಯಲ್ಲಿ ಸುಂಕದ ನಾಕಾ ಇತ್ತು, ಈಗ ನಾಕಾ ಎದ್ದುಹೋಗಿದೆ, ಕೆಂಭಾವಿ ಸಂತೆಗೆ ಬರುವುದೆಲ್ಲ ಆಚೆಯ ಬೆಲ್ಲವೇ, ಆಚೆಯವರ ಪೆಂಟಿ ನೋಡಲು ಅಷ್ಟೇ ಕಂಡರೂ ಒಳಗೆ ಭಾರ ಎಂದು ವಿವರಿಸಿದ. ಅವ್ವ ಇಳಿದಿಲ್ಲ, ಪೆಂಟಿ ಭಾರವಾಗಿದೆ. ಸರಕಾರ ಬದಲಾದ ಮೇಲೆ ನಾಣ್ಯ ಬದಲಾಗಲಿಲ್ಲವೇ, ಬೆಲ್ಲ ಯಾಕೆ ಬದಲಾಗಬಾರದು? ಪೂಜಾರಿ ತಲೆದೂಗಿದ. ಹಕೀಮನೂ ಅಲ್ಲಿದ್ದ, ತನ್ನ ಎಣ್ಣೆ ಕುಡಿದ ಮೈ ಇಳಿಯುವುದು ಸಾಧ್ಯವೇ ಇಲ್ಲ ಎಂದ. ಇಷ್ಟು ಗಡ್ಡಗಳು ಒಟ್ಟಿಗೆ ಅಲ್ಲಾಡಿದರೆ ಊರು ಒಪ್ಪದೆ ಏನು ಮಾಡುತ್ತದೆ?

ಇದೇ ಗಂಡಸರು ಕುರಿ ಕೊಳ್ಳುವಾಗ ತಕ್ಕಡಿ ಮುಟ್ಟುವವರಲ್ಲ. ಸೊಂಟದ ಮೇಲೆ ಅಂಗೈ ಇಟ್ಟು, ಬೆನ್ನೆಲುಬಿನ ಎರಡೂ ಬದಿ ಬೆರಳು ಒತ್ತಿ, ಮಾಂಸ ಎಷ್ಟಿದೆ, ಯಾವ ಹುಲ್ಲು ತಿಂದು ಬಂದಿದೆ ಎಂದು ಹೇಳುತ್ತಿದ್ದರು. ಮನೆಯ ಹೆಂಗಸು ಮೂರು ವರ್ಷ ಕಣ್ಣೆದುರೇ ಕರಗಿದರೆ ಅವರಿಗೆ ಕಂಡದ್ದು ಬೆಲ್ಲ. ಬಾಗಿದ ಬೆನ್ನಿಗೆ ಅವ್ವ ಸದಾ ಕಂಬಳಿ ಹೊದೆಯುತ್ತಿದ್ದಳು ನಿಜ. ಆದರೆ ರಾತ್ರಿ ಅವಳ ತೊಡೆಯ ಮೇಲೆ ತಲೆಯಿಟ್ಟರೆ ಎಲುಬು ಕಿವಿಗೆ ಚುಚ್ಚುತ್ತಿದ್ದದ್ದು ನನಗೆ ಗೊತ್ತಿತ್ತು. ಹೀಗೇ ಹೋದರೆ ಮುಂದಿನ ವರ್ಷ ತೂಗಲು ಅವ್ವನೇ ಇರುವುದಿಲ್ಲ ಎಂದು ಆಗ ನನಗೆ ಹೊಳೆಯಿತು.

ಮನೆಯಲ್ಲಿ ಮೊದಲ ವರ್ಷದ ಒಂದು ಪೆಂಟಿ ಇತ್ತು. ಹಳೆಯ ಬೆಲ್ಲ ಔಷಧಕ್ಕೆ ಬೇಕಾಗುತ್ತದೆಂದು ಬಟ್ಟೆ ಸುತ್ತಿ ಗಡಿಗೆಯಲ್ಲಿ ಇಟ್ಟಿದ್ದರು. ನಾನು ಓಡಿಹೋಗಿ ಅದನ್ನು ಎದೆಗವಚಿ ತಂದು, ಇದನ್ನೂ ಈ ವರ್ಷದ ಒಂದು ಪೆಂಟಿಯನ್ನೂ ತೂಗಿ ನೋಡಿರೆಂದೆ. ದೊಡ್ಡಪ್ಪ ನಕ್ಕು ತೂಗಿದ. ಹಳೆಯ ಪೆಂಟಿ ಮೇಲಕ್ಕೆ ಹೋಯಿತು.

"ನೋಡ್ರಿಪಾ," ಅಂದ ದೊಡ್ಡಪ್ಪ, "ಹಳೇದು ಹಗುರ, ಹೊಸಾದು ಭಾರ. ನಾ ಹೇಳಿದ್ದು ಇದನ್ನ."

ಓಡಿಹೋಗಿ ತರುವ ಅವಸರದಲ್ಲಿ ನಾನು ಒಂದು ಸಂಗತಿ ಮರೆತಿದ್ದೆ. ಅದು ಯಾಕೆ ಹಗುರವೆಂದು ಆ ಜಾತ್ರೆಯಂಥ ಗುಂಪಿನಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು. ಎರಡು ವರ್ಷದಿಂದ ಅದನ್ನು ತಳದ ಕಡೆಯಿಂದ ತಿನ್ನುತ್ತಿದ್ದೆ, ಮೇಲೆ ನೋಡಿದವರಿಗೆ ತಿಳಿಯದ ಹಾಗೆ. ದೇವರ ಬೆಲ್ಲ ಕದ್ದವಳಿಗೆ ನಮ್ಮಲ್ಲಿ ಏನು ಕೊಡುತ್ತಾರೆಂಬುದೂ ಗೊತ್ತಿತ್ತು. ಜನ ಎದ್ದು ಹೊರಡತೊಡಗಿದರು. ನಾನು ಪೆಂಟಿಯನ್ನು ತಟ್ಟೆಯಲ್ಲೇ ಬೋರಲು ಹಾಕಿದೆ. ಒಳಗೆ ನನ್ನ ಹಲ್ಲಿನ ಗುರುತಿನ ದೊಡ್ಡ ಗುಂಡಿ.

"ಇದನ್ನ ನಾ ತಿಂದೀನಿ," ಅಂದೆ. "ಪೆಂಟಿ ಹಗುರ ಇರಲಿಲ್ಲ."

ದೊಡ್ಡಪ್ಪನ ಕೈ ನನ್ನ ಕೆನ್ನೆಗೆ ಬಂದದ್ದು ಮಿಂಚಿನಷ್ಟು ಬೇಗ. ಎರಡನೆಯ ಸಲ ಬರಲಿಲ್ಲ, ನಡುವೆ ಅಪ್ಪ ನಿಂತಿದ್ದ. ಹರಕೆಗೆಂದು ಹಿಂದಿನ ದಿನವಷ್ಟೇ ಅಡವಿಯಿಂದ ಬಂದಿದ್ದ. ಬೇರೊಂದು ಪೆಂಟಿ ಒಡೆದು, ಬೆಲ್ಲ ಹಿಸುಕಿ, ನನ್ನ ಗುಂಡಿಯನ್ನು ಗೋಡೆಯ ಬಿಲ ಮುಚ್ಚಿದ ಹಾಗೆ ತುಂಬಿ ಸಮ ಮಾಡಿ ತಕ್ಕಡಿಗಿಟ್ಟ. ತಕ್ಕಡಿಯ ದಂಡಿಗೆ ಸಮವಾಗಿ ನಿಂತಿತು.

ಆಮೇಲೆ ಅವನು ಮಾಡಿದ್ದನ್ನು ನಮ್ಮ ಊರು ಬಹಳ ದಿನ ಮಾತಾಡಿತು. ಹಿರಿಯರ ಮುಂದೆ ಗಂಡ ಹೆಂಡತಿಯ ಕಡೆ ನೋಡುವುದೂ ಇಲ್ಲದ ಕಾಲ. ಅಪ್ಪ ಅವ್ವನ ಬಳಿ ಹೋಗಿ, ಕಂಬಳಿ ಸರಿಸಿ, ಕುರಿಗೆ ಇಡುವ ಹಾಗೆ ಅವಳ ಸೊಂಟದ ಮೇಲೆ ಅಂಗೈ ಇಟ್ಟ. ಬೆರಳು ಒತ್ತಿದ. ಕೈ ತೆಗೆಯಲು ಅವನಿಗೆ ಬಹಳ ಹೊತ್ತು ಹಿಡಿಯಿತು.

"ನಾಳಿಗಿ ಬಂಡಿ ಕಟ್ಟತೀನಿ," ಅಂದ. "ಯಾದಗಿರಿಗಿ."

ಯಾದಗಿರಿಯಲ್ಲಿ ಹೈದರಾಬಾದಿನಿಂದ ಬಂದ ಡಾಕ್ಟರಮ್ಮ ಇದ್ದಳು. ಜೊತೆಗೆ ಬಂದಿದ್ದ ದೊಡ್ಡಪ್ಪ ಪೆಂಟಿಯ ಕಥೆಯನ್ನು ಮೊದಲಿನಿಂದ ಶುರುಮಾಡಿದ. ಅವಳು ಅವನನ್ನು ಹೊರಗೆ ಕೂರಿಸಿದಳು. ಆ ಒಂದಕ್ಕೇ ಅವಳ ಮೇಲೆ ನನಗೆ ಜೀವ. ಎದೆ ನೋಡಿದಳು, ಕಫ ಪರೀಕ್ಷೆ ಮಾಡಿಸಿದಳು, ಕ್ಷಯವಿಲ್ಲ ಎಂದಳು. ಬೆನ್ನಿನ ರೋಗವೊಂದೇ ಇಷ್ಟು ಮಾಂಸ ತಿನ್ನುವುದಿಲ್ಲ, ಊಟ ಏನು ಮಾಡುತ್ತೀ ಎಂದು ಅರ್ಧ ದಖನಿ ಉರ್ದು, ಅರ್ಧ ಕನ್ನಡದಲ್ಲಿ ಕೇಳಿದಳು. ಎಲ್ಲರಂತೆ ಮೂರು ರೊಟ್ಟಿ ಎಂದಳು ಅವ್ವ.

ನಾನು ಸುಮ್ಮನಿರುವ ಕೂಸಲ್ಲ. ಎರಡು ರೊಟ್ಟಿ ಬಾಗಿಲ ಮುಂದಿನ ಆಡಿಗೆ ಹೋಗುತ್ತವೆ ಎಂದೆ. ಆ ಆಡು ಊರಲ್ಲೇ ದಪ್ಪಗಿತ್ತು. ಅದಕ್ಕೆ ದೊಡ್ಡಪ್ಪ ತನ್ನ ಆರೈಕೆಯೇ ಕಾರಣವೆಂದು ಹೇಳಿಕೊಂಡು ತಿರುಗುತ್ತಿದ್ದ.

ಡಾಕ್ಟರಮ್ಮ ಯಾಕೆಂದು ಅವ್ವನನ್ನೇ ಕೇಳಿದಳು. ಅವ್ವ ಸೆರಗಿನ ತುದಿ ತಿರುವಿದಳು.

"ಉಂಡ್ರ ಬೈಲಕಡಿ ಹೋಗಬೇಕಾಗ್ತದ್ರಿ ಬಾಯಾರ," ಅಂದಳು ಕೊನೆಗೆ. "ಕುಂತ್ರ ಏಳಾಕ ಬರಂಗಿಲ್ಲ. ಮಂದಿ ಹೆಣಮಕ್ಕಳು ರಟ್ಟಿ ಹಿಡದು ಎಬ್ಬಸ್ತಾರ, ನಗ್ತಾರ. ಉಣಲಿಲ್ಲಂದ್ರ ಎರಡು ದಿನಕ್ಕೊಮ್ಮಿ ಹೋದ್ರ ನಡೀತದ."

ಅಷ್ಟೇ. ಮೂರು ವರ್ಷದ ಗುಟ್ಟು ಅಷ್ಟೇ. ಬಯಲಿನಲ್ಲಿ ಕುಳಿತರೆ ಬಿಗಿದ ಬೆನ್ನು ಮೇಲೇಳುವುದಿಲ್ಲ, ಅದಕ್ಕೆ ಅನ್ನ ಬಿಟ್ಟಿದ್ದಳು. ದೇವರು, ಸರಕಾರ, ಸುಂಕದ ನಾಕಾ ಎಲ್ಲವನ್ನೂ ಕೆದಕಿದ ಬುದ್ಧಿವಂತರಲ್ಲಿ ಒಬ್ಬನೂ ಅವಳನ್ನು ಕೇಳಿರಲಿಲ್ಲ. ಕೇಳಿದ್ದರೂ ಹೇಳುತ್ತಿರಲಿಲ್ಲ, ಹೇಳುವಂಥ ಮುಖ ಅಲ್ಲಿ ಯಾವುದಿತ್ತು?

ಡಾಕ್ಟರಮ್ಮ ನೋವಿಗೆ ಗುಳಿಗೆ ಕೊಟ್ಟು, ಬೆನ್ನು ಮೊದಲಿನಂತಾಗದು ಎಂದು ಮುಚ್ಚುಮರೆಯಿಲ್ಲದೆ ಹೇಳಿ, ಅಪ್ಪನನ್ನು ಒಳಗೆ ಕರೆದು ಒಂದು ಕಾಗದದ ಮೇಲೆ ಗೆರೆ ಎಳೆದು ತೋರಿಸಿದಳು. ಊರಿಗೆ ಬಂದ ಮರುದಿನವೇ ಅಪ್ಪ ಹಿತ್ತಲಲ್ಲಿ ಗುಂಡಿ ತೋಡಿದ. ಎರಡು ಕಡೆ ಮೊಳಕಾಲೆತ್ತರ ಕಲ್ಲು ಕಟ್ಟಿ, ಮೇಲೆ ನಡುವೆ ಕಂಡಿ ಬಿಟ್ಟ ಹಲಗೆ ಹಾಸಿ, ಹಿಡಿದು ಏಳಲು ಒಂದು ಗೂಟ ಹುಗಿದು, ಸುತ್ತ ಜೋಳದ ದಂಟಿನ ತಟ್ಟಿ ಕಟ್ಟಿದ. ಊರು ಸಾಲುಗಟ್ಟಿ ನೋಡಲು ಬಂತು. ತನ್ನ ತಮ್ಮ ಹೆಂಡತಿಗೆ ಸಿಂಹಾಸನ ಮಾಡಿಕೊಟ್ಟಿದ್ದಾನೆಂದು ದೊಡ್ಡಪ್ಪ ಕಟ್ಟೆಯ ಮೇಲೆ ಕುಳಿತು ನಗಿಸುತ್ತಿದ್ದ. ಮುಂದೆ ಅವನ ಮೊಳಕಾಲೇ ಹಿಡಿದುಕೊಂಡಾಗ ಬೆಳಗಾಗುವ ಮೊದಲೇ ಆ ತಟ್ಟಿಯ ಒಳಗಿಂದ ಯಾರ ಕೆಮ್ಮು ಕೇಳುತ್ತಿತ್ತೆಂದು ನಾನು ಯಾರಿಗೂ ಹೇಳಲಿಲ್ಲ. ಈಗ ಹೇಳಿದೆ.

ಮುಂದಿನ ವರ್ಷವೂ ಬೇವಿಗೆ ತಕ್ಕಡಿ ಕಟ್ಟಿದರು. ಅವ್ವನ ಬೆನ್ನು ಅಷ್ಟೇ ಬಾಗಿತ್ತು. ಆಡು ಬಡಕಲಾಗಿತ್ತು. ಒಂಬತ್ತು ಪೆಂಟಿ ಇಟ್ಟರು, ತಟ್ಟೆ ಅಲುಗಲಿಲ್ಲ. ಹತ್ತಾಯಿತು. ಹನ್ನೊಂದಕ್ಕೆ ಅವ್ವ ನೆಲ ಬಿಟ್ಟಳು.

ದೊಡ್ಡಪ್ಪ ಮೀಸೆ ತಿರುವಿ, ಈ ವರ್ಷ ಆಚೆಯವರು ಪೆಂಟಿ ಸಣ್ಣ ಮಾಡಿದ್ದಾರೆ, ಲಫಂಗರು ಎಂದ.

ಅವ್ವ ಮದುವೆಯಾಗಿ ಬಂದಾಗಿನಿಂದ ಅವನೆದುರು ತಲೆಯೆತ್ತಿದವಳಲ್ಲ. ಈಗ ತಟ್ಟೆಯಲ್ಲಿ ತೂಗಾಡುತ್ತ, ಸೆರಗಿನೊಳಗಿಂದಲೇ, ಎಲ್ಲರಿಗೂ ಕೇಳುವ ಹಾಗೆ ಅಂದಳು:

"ಹೌದ್ರಿ ಭಾವಾರ. ಪಾಪ, ಪೆಂಟಿಗೋಳೂ ಬೈಲಕಡಿ ಹೋಗಾಕ ಅಂಜಿ ಊಟ ಬಿಟ್ಟಿರಬೇಕು."

ಹೆಂಗಸರ ಕಡೆಯಿಂದ ಎದ್ದ ನಗೆಗೆ ತಕ್ಕಡಿಯ ಹಗ್ಗ ನಡುಗಿತು. ಬಯಲಿನಲ್ಲಿ ಅವಳ ರಟ್ಟೆ ಹಿಡಿದು ನಕ್ಕವರೂ ಅವರಲ್ಲಿದ್ದರು. ಅಪ್ಪ ತಟ್ಟೆಯ ಹತ್ತಿರ ಹೋಗಿ ಅವಳು ಇಳಿಯಲೆಂದು ತೋಳು ಚಾಚಿದ. ದೊಡ್ಡಪ್ಪ ನನ್ನ ಕಡೆ ಕಣ್ಣು ಕೆಕ್ಕರಿಸಿದ, ನಾನೇ ಹೇಳಿಕೊಟ್ಟೆನೆಂಬಂತೆ. ಉತ್ತರ ಕೊಡಲು ನನಗಾಗಲಿಲ್ಲ, ಬಾಯಿ ತುಂಬ ಬೆಲ್ಲವಿತ್ತು.