ಮಂಡಿನೋವನ್ನು ಕಲಿತ ಕಂಪ್ಯೂಟರ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪ್ರಯೋಗಾಲಯದ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ನೀಲಿ ಕೋಟು ತೊಟ್ಟು, ಗುಂಡಿಯಕ್ಕ ಆಳೆತ್ತರದ ಲೋಹದ ಬೀರುವಿಗೆ ಕಿವಿ ಹಚ್ಚುತ್ತಾರೆ. ಒಳಗೆ ಫ್ಯಾನು ಗುಂಯ್‌ಗುಡುತ್ತಿದೆ.

"ಎಲ್ಲಾ ಉಸಿರಾಡ್ತಾ ಇದಾವೆ. ಇನ್ನೊಂದು ಇವತ್ತು ನಿವೃತ್ತಿ ಆಗ್ಲೇಬೇಕು. ಇಲ್ಲಾಂದ್ರೆ ನಮ್ಮ ಮಾನ ಹೋಯ್ತು" ಎಂದು ನಗುತ್ತಾರೆ.

ಒಳಗಿರುವುದು ಅಂಗಿಯ ಗುಂಡಿಯಷ್ಟು ಪುಟ್ಟ ಬ್ಯಾಟರಿಗಳು. ಅವನ್ನು ತುಂಬಿಸುವುದು, ಬರಿದು ಮಾಡುವುದು, ಮತ್ತೆ ತುಂಬಿಸುವುದು: ಯಂತ್ರಕ್ಕೆ ಹಗಲೂ ರಾತ್ರಿಯೂ ಇದೇ ಕೆಲಸ. ಹೊಸತರಲ್ಲಿ ಹಿಡಿಯುತ್ತಿದ್ದ ಶಕ್ತಿ ನೂರರಲ್ಲಿ ಎಂಬತ್ತಕ್ಕೆ ಇಳಿದರೆ ಬ್ಯಾಟರಿಗೆ ನಿವೃತ್ತಿ. ಹೀಗೆ ಕಾಯುತ್ತ ಕೂತರೆ ಬ್ಯಾಟರಿಯೊಳಗೆ ತುಂಬುವ ಒಂದೊಂದು ಹೊಸ ರಾಸಾಯನಿಕ ಮಿಶ್ರಣದ ಹಣೆಬರಹ ತಿಳಿಯಲು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬೇಕು. ಅದಕ್ಕೇ ಮೊದಲ ಕೆಲವು ವಾರಗಳ ಅಂಕಿಅಂಶ ನೋಡಿ ಆಯಸ್ಸು ಹೇಳುವುದನ್ನು ಇಲ್ಲಿ ಕಂಪ್ಯೂಟರಿಗೆ ಕಲಿಸುತ್ತಿದ್ದಾರೆ.

ಇವತ್ತು ಆ ವಿದ್ಯೆಯ ಪರೀಕ್ಷೆ. ಇಪ್ಪತ್ತು ಬ್ಯಾಟರಿಗಳು ಈ ವಾರವೇ ಎಂಬತ್ತಕ್ಕೆ ಇಳಿಯುತ್ತವೆಂದು ಕಂಪ್ಯೂಟರ್ ತಿಂಗಳುಗಳ ಹಿಂದೆಯೇ ಹೇಳಿದೆ. ಹದಿನೆಂಟಾದರೂ ಇಳಿದರೆ ಗೆದ್ದಂತೆ. ನಿನ್ನೆ ಸಂಜೆಗೆ ಹದಿನೇಳು. ತಪ್ಪಿದರೆ ಈ ಯೋಜನೆಯನ್ನೇ ಕೈಬಿಡುವುದಾಗಿ ಸಂಸ್ಥೆಯ ಹಿರಿಯರು ಹೇಳಿಬಿಟ್ಟಿದ್ದಾರೆ. ವಾರದ ಕೊನೆಯ ದಿನವಿದು.

ಗುಂಡಿಯಕ್ಕ ಮೊದಲು ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದವರು. ಕಾರ್ಖಾನೆ ಮುಚ್ಚಿದ ಮೇಲೆ ಇಲ್ಲಿ ನೆಲ ಒರೆಸಲು ಸೇರಿದರು. ಅವರ ಬೆರಳಿನ ಚುರುಕು ಕಂಡ ವಿಜ್ಞಾನಿ ಮೇಡಂ ಬ್ಯಾಟರಿ ಜೋಡಿಸಲು ಕೂರಿಸಿದರು. "ಮೊದಲನೇ ದಿನ ಕಬ್ಬಿಣದ ಚಿಮಟದಲ್ಲಿ ಹಿಡಿದೆ. ಕಬ್ಬಿಣ ಎರಡೂ ಬದಿಗೆ ತಾಗಿ ಶಾರ್ಟ್ ಆಗಿ, ಬ್ಯಾಟರಿ ಪ್ರಾಣ ಅಲ್ಲೇ ಹೋಯ್ತು. ಆಮೇಲಿಂದ ಪ್ಲಾಸ್ಟಿಕ್‌ದೇ." ಈಗ ದಿನಕ್ಕೆ ಇನ್ನೂರರಷ್ಟು ಅವರ ಕೈ ದಾಟುತ್ತವೆ.

ಕಂಪ್ಯೂಟರ್ ಒಮ್ಮೆ ಎಡವಿದ್ದು ಇದೇ ಬೀರುವಿನಲ್ಲಿ. ಆಗ ಗುಂಡಿಯಕ್ಕನಿಗೆ ಮಂಡಿನೋವು. ಬೆಳಗ್ಗೆ ಬರುತ್ತಿದ್ದ ಹಳೆಯ ಮಿಶ್ರಣದ ಬ್ಯಾಟರಿಗಳನ್ನು ಹೇಗೋ ಬಗ್ಗಿ ಕೆಳಗಿನ ಖಾನೆಗೆ ಇಡುತ್ತಿದ್ದರು. ಮಧ್ಯಾಹ್ನ ಹೊಸ ಮಿಶ್ರಣದವು ಬರುವ ಹೊತ್ತಿಗೆ ಮಂಡಿ ಮುಷ್ಕರ ಹೂಡುತ್ತಿತ್ತು. ಅವೆಲ್ಲ ಮೇಲಿನ ಖಾನೆಗೆ. ಮೇಲೆ ಫ್ಯಾನಿನ ತಂಗಾಳಿ, ಕೆಳಗೆ ಸೆಕೆ. ತಂಪಿನಲ್ಲಿದ್ದವು ಹೆಚ್ಚು ಬಾಳಿದವು. ಹೊಸ ಮಿಶ್ರಣವೇ ಗಟ್ಟಿ ಎಂದು ಕಂಪ್ಯೂಟರ್ ನಂಬಿತು. ಔಷಧಿ ಹಿಡಿದು ಮಂಡಿ ಬಗ್ಗತೊಡಗಿದ್ದೇ ತಡ, ಹೊಸವೂ ಕೆಳಗಿಳಿದವು; ಹೇಳಿದ ಆಯಸ್ಸೆಲ್ಲ ತಲೆಕೆಳಗಾಯಿತು.

"ಏನು ಬದಲಾಯ್ತು ಅಂತ ಮೇಡಂ ಎಲ್ಲರನ್ನೂ ಕೇಳಿದ್ರು. ಏನಿಲ್ಲಾ ಮೇಡಂ, ನನ್ನ ಮಂಡಿ ಒಂದು ವಾಸಿ ಆಯ್ತು ಅಂದೆ. ಅವರು ಬೀರು ನೋಡಿದ್ರು, ನನ್ನ ಕಾಲು ನೋಡಿದ್ರು, ಕೆಳಗಿನ ಖಾನೆಗೆ ಕೈ ಇಟ್ಟು ಸೆಕೆ ನೋಡಿದ್ರು."

ಮೇಡಂ ತಪ್ಪನ್ನು ಗುಂಡಿಯಕ್ಕನ ಮೇಲೆ ಹೊರಿಸುವುದಿಲ್ಲ. "ಇಡೀ ಬೀರುವಿಗೆ ಒಂದೇ ಥರ್ಮಾಮೀಟರ್ ಇಟ್ಟಿದ್ದು ನಾನೇ ಅಲ್ವಾ? ನಾವು ಕೊಟ್ಟಿದ್ದನ್ನೇ ಅದು ಕಲಿಯೋದು. ಗುಂಡಿಯಕ್ಕನ ಮಂಡಿನೋವನ್ನ ಚೆನ್ನಾಗೇ ಕಲಿತಿತ್ತು!"

ಈಗ ಪ್ರತಿ ಖಾನೆಗೂ ಥರ್ಮಾಮೀಟರ್ ಇದೆ. ಯಾವ ಬ್ಯಾಟರಿ ಎಲ್ಲಿಗೆ ಎಂಬುದನ್ನು ಗುಂಡಿಯಕ್ಕ ಊಟದ ಡಬ್ಬಿಯ ಮುಚ್ಚಳದಿಂದ ಚೀಟಿ ಎತ್ತಿ ನಿರ್ಧರಿಸುತ್ತಾರೆ. ಕಂಪ್ಯೂಟರೇ ಜಾಗ ಆರಿಸಲಿ ಎಂದರೆ ಒಪ್ಪುವುದಿಲ್ಲ. "ಪರೀಕ್ಷೆ ಬರೆಯೋರೇ ಪ್ರಶ್ನೆಪತ್ರಿಕೆ ಮಾಡಿದ್ರೆ ಹೇಗೆ?" ಮೇಡಂ ನಕ್ಕು ಒಪ್ಪಿದ್ದಾರೆ.

ಗುಂಡಿಯಕ್ಕನ ಮನೆಯಲ್ಲಿ ಇನ್ನೊಬ್ಬ ಪರೀಕ್ಷಕರಿದ್ದಾರೆ. ಯಜಮಾನರು ಬ್ಯಾಟರಿ ಗಾಡಿಯಲ್ಲಿ ಸಾಮಾನು ಸಾಗಿಸುತ್ತಾರೆ. ಗಾಡಿ ನಡುದಾರಿಯಲ್ಲಿ ನಿಂತಾಗಲೆಲ್ಲ ಫೋನು ಬರುತ್ತದೆ: "ಏನಮ್ಮಾ, ಬೀರು ತುಂಬ ಬ್ಯಾಟರಿ ಸಾಕಿದೀಯ, ಗಾಡಿ ತಳ್ಳೋನು ಮಾತ್ರ ನಾನು! ರಸ್ತೆ ಕುಲುಕಾಟ ನಿನ್ನ ಕಂಪ್ಯೂಟರಿಗೆ ಗೊತ್ತಾ?" ಗೊತ್ತಿಲ್ಲ. ಕುಲುಕಾಟ, ಚಳಿ, ಅವಸರದ ಚಾರ್ಜು, ಇವೆಲ್ಲ ಅದು ಇನ್ನು ಕಲಿಯಬೇಕಾದ ಪಾಠಗಳು. ಮುಂದಿನ ಬೀರು ಅಲುಗಾಡುವಂಥದ್ದು ಬರಲಿದೆಯಂತೆ.

ಮಧ್ಯಾಹ್ನ ಊಟಕ್ಕೆ ಕೂತಿರುವಾಗ ಮೇಡಂ ಓಡಿಬರುತ್ತಾರೆ. "ಅಕ್ಕಾ, ಇಳೀತು! ಹದಿನೆಂಟು!" ಗುಂಡಿಯಕ್ಕ ಕೈ ತೊಳೆಯದೆಯೇ ಪರದೆಯ ಮುಂದೆ ನಿಲ್ಲುತ್ತಾರೆ. ಮೇಲಿನ ಖಾನೆಯಲ್ಲೂ ಕೆಳಗಿನ ಖಾನೆಯಲ್ಲೂ ಹೇಳಿದ ವಾರದಲ್ಲೇ ಇಳಿದಿವೆ. ಎರಡು ಮಾತ್ರ ಇನ್ನೂ ಹಠ ಹಿಡಿದಿವೆ. "ಇರ್ಲಿ ಬಿಡಿ, ಮನೆಗಿಬ್ಬರು ಅಂಥವರು ಇರ್ತಾರೆ."

ಈ ಕೆಲಸದಿಂದ ಏನಾಗಬೇಕೆಂಬ ಆಸೆ ಎಂದು ಕೇಳಿದರೆ ಬ್ಯಾಟರಿ ಅಂಗಡಿಯ ಮಾತು ತೆಗೆಯುತ್ತಾರೆ. "ಅಂಗಡಿಯವನು ‘ಬಾಳಿಕೆ ಬರುತ್ತೆ, ತಗೊಳ್ಳಿ’ ಅಂತಾನೆ. ಎಷ್ಟು ದಿನ ಅಂದ್ರೆ ಮೇಲೆ ನೋಡ್ತಾನೆ. ನಮ್ಮ ಯಜಮಾನರಿಗೆ ಮುಂದಿನ ಸಲ ಅವನು ತಿಳ್ಕೊಂಡು ಹೇಳ್ಬೇಕು. ಅಷ್ಟೇ."

ಹೊಸ ಬ್ಯಾಟರಿಗಳ ತಟ್ಟೆ ಬಂದಾಗಿದೆ. ಮುಚ್ಚಳ ಕುಲುಕಿ ಗುಂಡಿಯಕ್ಕ ಚೀಟಿ ಎತ್ತುತ್ತಾರೆ. ಕೆಳಗಿನ ಖಾನೆ. ಮಂಡಿಯನ್ನೊಮ್ಮೆ ಸವರಿಕೊಂಡು, ನೆಲಕ್ಕೆ ಊರುತ್ತಾರೆ.

"ನೋವು ನನ್ನದು. ಅದು ಕಂಪ್ಯೂಟರಿನ ಲೆಕ್ಕಕ್ಕೆ ಹೋಗಬಾರದು."