ಸುತ್ತು ಹಾದಿ

ಎಂಬತ್ತಾರರ ಮಳೆಗಾಲ. ಕೊಟ್ಟೂರಿನಿಂದ ಹೊನ್ನಾವರಕ್ಕೆ ಹೋದ ನಮಗೆ ಕಾಡಿನ ಜಲಪಾತ ತೋರಿಸಲು ಸಿಕ್ಕವನು ಪಕ್ಕೀರಪ್ಪ. ಬಾಯಿ ತೆರೆದೊಡನೆ ಗುರುತು ಹತ್ತಿತು, ನಮ್ಮ ಕಡೆಯವ, ಹೊಳೆದಂಡೆಯ ಹಲವಾಗಲು ಊರಿನವ. ಹರೆಯದಲ್ಲಿ ಘಟ್ಟದ ರಸ್ತೆ ಕೆಲಸಕ್ಕೆ ಬಂದಿದ್ದನಂತೆ. ಜೊತೆಯವರೆಲ್ಲ ಊರಿಗೆ ಮರಳಿದರು. ಇವನು ಇಲ್ಲಿಯ ಹೆಣ್ಣನ್ನೇ ಮದುವೆಯಾಗಿ ಉಳಿದ. ಆಕೆಯೂ ತೀರಿಹೋಗಿದ್ದಳು. ಊರಲ್ಲೂ ಈಗ ತನ್ನವರೆಂದು ಯಾರೂ ಇರಲಿಲ್ಲ.

ಹಾದಿಯುದ್ದಕ್ಕೂ ಕೇಳಿದ್ದೇ ಕೇಳಿದ್ದು. “ಹೊಳಿಗೆ ನೀರು ಬಂದೈತೇನ್ರಿ? ತೆಲಿಗಿ ಬಸ್ಸು ಈಗಲೂ ತುಂಬಿ ಬರತೈತೇನ್ರಿ? ಕೊಟ್ಟೂರಾಗ ಮಂಡಕ್ಕಿ-ಮಿರ್ಚಿ ಮೊದಲಿನಂಗೇ ಐತೇನ್ರಿ?” ಕಾಲಿಗೆ ಜಿಗಣೆ ಹತ್ತಿದ್ದವು, ಉತ್ತರ ಹೇಳಿ ಹೇಳಿ ನನಗೆ ಸಾಕಾಗಿಹೋಯಿತು.

ಮಧ್ಯಾಹ್ನ ಜಲಪಾತ ತಲುಪಿ ನೋಡಿದರೆ, ಬೆಳಿಗ್ಗೆ ನಾವು ಬಸ್ಸಿಳಿದಿದ್ದ ಚಹಾದಂಗಡಿ ಅಲ್ಲೇ ದಿಬ್ಬದ ಕೆಳಗೆ ಕಾಣುತ್ತಿತ್ತು! ನನಗೆ ಸಿಟ್ಟು ನೆತ್ತಿಗೇರಿತು.

“ಲೇ ಪಕ್ಕೀರಪ್ಪ, ನಿನಗ ಬುದ್ಧಿ ಐತೋ ಇಲ್ಲೋ? ಇಷ್ಟು ಹತ್ರ ಇಟ್ಕೊಂಡು ಗುಡ್ಡ ಎಲ್ಲಾ ಸುತ್ತಿಸಿದೆಲ್ಲೋ ಮಾರಾಯ!”

ಅವನು ತಲೆ ತಗ್ಗಿಸಲಿಲ್ಲ. ಕಿವಿಯ ಹಿಂದೆ ಅಂಗೈ ಹಿಡಿದು ಇನ್ನಷ್ಟು ಹತ್ತಿರ ಬಂದ.

“ನಮ್ಮೂರ ಮಾತಿನ್ಯಾಗ ಬೈಸ್ಕೊಂಡು ಭಾಳ ವರ್ಷ ಆತ್ರಿ. ನೀರಿನ ಸದ್ದಿಗೆ ಪೂರ್ತಿ ಕೇಳಲಿಲ್ಲ. ಇನ್ನೊಮ್ಮಿ ಬೈರಿ.”