ಮೀನ ರಾಶಿಯಲ್ಲಿ ನೂಕುನುಗ್ಗಲು

ನನ್ನ ಮೊಮ್ಮಗಳು ಹುಟ್ಟಿದ ದಿನ ಮೀನ ರಾಶಿಯಲ್ಲಿ ಆರು ಗ್ರಹಗಳು ಒಟ್ಟಿಗೆ ಕೂತಿದ್ದವಂತೆ. ಕೂರಲಿ ಬಿಡಿ. ಆಲ್ದೂರಿನ ಬೆಳಗಿನ ಬಸ್ಸಿನಲ್ಲಿ ಅಷ್ಟು ಜನ ಒಂದೇ ಸೀಟಿನಲ್ಲಿ ಕೂತದ್ದನ್ನು ನೋಡಿದ್ದೇನೆ, ಯಾವ ದೇಶಕ್ಕೂ ಏನೂ ಆಗಲಿಲ್ಲ.

ಮಗಳು ಚೊಚ್ಚಲ ಹೆರಿಗೆಗೆ ನಮ್ಮ ಮನೆಗೆ ಬಂದಿದ್ದಳು. ಹೊಟ್ಟೆಯಲ್ಲಿ ನೀರು ಕಡಿಮೆಯಾಗಿದೆ, ನಾಳೆ ಬೆಳಿಗ್ಗೆಯೇ ಬನ್ನಿ, ತಡವಾದರೆ ಮಗುವಿಗೆ ಕಷ್ಟ ಎಂದು ಡಾಕ್ಟರಮ್ಮ ಹೇಳಿದರು. ನಾಳೆ ಎಂದರೆ ಅಮಾವಾಸ್ಯೆ, ಮೇಲೆ ಈ ಗ್ರಹಕೂಟ. ಅಳಿಯನ ತಾಯಿ, ನಮ್ಮ ಬೀಗಿತ್ತಿ, ಮೂಡಿಗೆರೆಯಿಂದ ಫೋನು ಮಾಡಿದರು.

"ಟಿವೀಲಿ ಹೇಳ್ತಿದಾರೆ, ನಾಳೆ ಹುಟ್ಟಿದ್ರೆ ಅಪ್ಪನಿಗೆ ಕಂಟಕ ಅಂತೆ. ಎರಡು ದಿನ ತಡೀಲಿ."

"ತಡಿಯೋಕೆ ಅದೇನು ಕಾಫಿ ಮೂಟೆನಾ, ಗೋಡೌನಲ್ಲಿಟ್ಟು ರೇಟು ಬಂದ್ಮೇಲೆ ತೆಗೆಯೋಕೆ?"

ಮಗಳು ಮಂಚದ ಮೇಲೆ ಕೂತು ಅಳುತ್ತಿದ್ದಳು. ನಾಳೆ ಗಂಡನಿಗೆ ನೆಗಡಿಯಾದರೂ ತನ್ನ ತಲೆಗೇ ಬರುತ್ತದೆಂದು ಅವಳಿಗೆ ಗೊತ್ತು. "ಅತ್ತೆ ಹ್ಞೂಂ ಅನ್ನದೆ ನಾನು ಆಸ್ಪತ್ರೆಗೆ ಬರಲ್ಲಮ್ಮ" ಎಂದಳು.

ನಾನು ನಾಲ್ಕನೇ ಕ್ಲಾಸು ದಾಟಿದವಳಲ್ಲ, ಆದರೆ ರಿಮೋಟು ಒತ್ತಲು ಬರುತ್ತದೆ. ಒತ್ತುತ್ತಾ ಹೋದೆ. ಒಂದು ಕಡೆ ಪ್ರಳಯ, ಇನ್ನೊಂದು ಕಡೆ ರಾಜರಿಗೆ ಕೇಡು. ಮತ್ತೊಂದು ಕಡೆ ರೇಷ್ಮೆ ಶಲ್ಯದವರೊಬ್ಬರು, ಈ ಕೂಟದಲ್ಲಿ ಹುಟ್ಟಿದ ಮಗು ಮನೆ ಬೆಳಗುತ್ತದೆ ಎನ್ನುತ್ತಿದ್ದರು. ಬೀಗಿತ್ತಿ ಇನ್ನೂ ಲೈನಿನಲ್ಲೇ ಇದ್ದರು, ಫೋನನ್ನು ಟಿವಿಯ ಬಾಯಿಗೇ ಹಿಡಿದೆ.

ಆ ಕಡೆ ಬೀಗಿತ್ತಿ ತಮ್ಮ ಟಿವಿಯ ಸದ್ದು ತಗ್ಗಿಸಿದರು. "ಅದು ಯಾವ ಚಾನೆಲ್ಲು?"

"ಹೇಳ್ತೀನಿ. ಮೊದ್ಲು ಹುಡುಗಿಗೆ ಹೋಗು ಅನ್ನಿ."

"ನನ್ನ ಮಗನಿಗೆ ಏನೂ ಆಗಲ್ಲ ಅಂದ್ರಾ ಅವ್ರು?"

"ಆಯಸ್ಸು ಜಾಸ್ತಿ ಅಂದ್ರು" ಎಂದೆ. ಶಲ್ಯದವರು ಹಾಗೇನೂ ಅಂದಿರಲಿಲ್ಲ.

"ಸರಿ ಮಾರಾಯ್ತಿ, ಕರ್ಕೊಂಡು ಹೋಗಿ."

ಅದು ಕಾಫಿ ಹೂವಿಗೆ ನೀರು ಹಾರಿಸುವ ಕಾಲ. ಜೀಪಿನ ಹಿಂದೆ ಸ್ಪ್ರಿಂಕ್ಲರ್ ಪೈಪುಗಳು ತುಂಬಿದ್ದವು. ಇಳಿಸುವಷ್ಟರಲ್ಲಿ ಬೀಗಿತ್ತಿ ಬೇರೆ ಚಾನೆಲ್ಲು ಹಾಕಿಬಿಟ್ಟರೆ ಎಂಬ ಭಯಕ್ಕೆ ಬೆಳಕು ಹರಿಯುತ್ತಲೇ ಹಾಗೆಯೇ ಹೊರಟೆವು. ಚಿಕ್ಕಮಗಳೂರಿನವರೆಗೂ ತಿರುವು ತಿರುವಿನಲ್ಲಿ ಪೈಪುಗಳು ವಾಲಗ ಊದಿದ ಹಾಗೆ ಸದ್ದು ಮಾಡಿದವು, ಮಗಳು ಅಳುವುದು ಬಿಟ್ಟು ನಕ್ಕಳು.

ಮಧ್ಯಾಹ್ನ ಹೆಣ್ಣುಮಗು. ಎಂಥ ಕೂಗು ಅಂತೀರಿ, ಆಸ್ಪತ್ರೆಯ ಹೊರಗಿದ್ದ ಆಟೋದವರೂ ತಿರುಗಿ ನೋಡಿರಬೇಕು. ನನ್ನ ಕಾಲು ನೆಲದ ಮೇಲಿರಲಿಲ್ಲ. ಸಂಜೆಯ ಬಸ್ಸಿಗೆ ಬೀಗಿತ್ತಿ ಬಂದರು, ಎತ್ತಿಕೊಂಡರು, ಮತ್ತೆ ಕೊಡಲೇ ಇಲ್ಲ.

"ಒಂದ್ಸಲ ಇತ್ಲಾಗೆ ಕೊಡಿ" ಎಂದೆ.

"ತಡೀರಿ, ಈಗಷ್ಟೇ ಕಣ್ಣು ಬಿಟ್ಟಿದೆ. ನನ್ನನ್ನೇ ನೋಡ್ತಾ ಇದೆ."

ಹುಟ್ಟಿದ ದಿನ ಮಗುವಿಗೆ ಯಾರ ಮುಖವೂ ಸರಿಯಾಗಿ ಕಾಣುವುದಿಲ್ಲ ಎಂದು ನರ್ಸಮ್ಮ ಹೇಳಿದರು. ನಾವಿಬ್ಬರೂ ಕೇಳಿಸಿಕೊಳ್ಳಲಿಲ್ಲ.